ನಾನು ತಪ್ಪಾಗಿ ಬರೆದ ಒಂದೇ ತಾರೀಖು

ಬಾದಾಮಿಯ ಮಂಗಗಳು ಯಾರಿಗೂ ಹೆದರುವುದಿಲ್ಲ. ಗುಹೆ ನೋಡಲು ಬಂದವರ ಕನ್ನಡಕ ಕಿತ್ತುಕೊಂಡು, ತಾವೇ ಹಾಕಿಕೊಂಡು ಗುಹೆ ನೋಡುವ ಪೈಕಿ ಅವು. ಆದರೆ ನಮ್ಮ ಅಕ್ಕನಿಗೆ ಹೆದರುತ್ತವೆ! ಅವಳ ಓಣಿಗೆ ಬಂದವೆಂದರೆ ಗೋಡೆಯ ಮೇಲೆ ಒಂದರ ಹಿಂದೆ ಒಂದು ಸಾಲಾಗಿ, ಸದ್ದಿಲ್ಲದೆ ದಾಟಿಹೋಗುತ್ತವೆ. ಸುಳ್ಳು ಎನ್ನುವವರು ಒಮ್ಮೆ ಬಂದು ನೋಡಬಹುದು. ಕನ್ನಡಕ ಮಾತ್ರ ಜೇಬಿನಲ್ಲಿಟ್ಟುಕೊಂಡು ಬನ್ನಿ.

ಅಕ್ಕ ಎಂದರೆ ನನ್ನ ದೊಡ್ಡಪ್ಪನ ಮಗಳು. ನನಗಿಂತ ಮೂರು ವರ್ಷ ದೊಡ್ಡವಳು. ನನಗೆ ಒಡಹುಟ್ಟಿದವರಿಲ್ಲ, ಅಕ್ಕ ಎಂದು ಕರೆಯಲು ಇದ್ದವಳು ಇವಳೊಬ್ಬಳೇ. ಮಿಲಿಟರಿಯಲ್ಲಿ ನರ್ಸ್ ಆಗಿದ್ದಳು. ಬಾಂಗ್ಲಾ ಯುದ್ಧದ ಕಾಲಕ್ಕೆ ಗಡಿಯ ಹತ್ತಿರ, ಡೇರೆಯಲ್ಲಿ ನಡೆಯುತ್ತಿದ್ದ ದವಾಖಾನೆಯಲ್ಲಿ ಕೆಲಸ ಮಾಡಿದವಳು. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಬಾದಾಮಿಯಲ್ಲಿ ಎರಡು ಖೋಲಿಯ ಮನೆ ಮಾಡಿಕೊಂಡಿದ್ದಾಳೆ. ಈಗ ಎಂಬತ್ತರ ಹತ್ತಿರ ಬಂದಿದ್ದಾಳೆ. ಎಂಬತ್ತು ಮಾತ್ರ ಇವಳ ಹತ್ತಿರ ಬರಲು ಇನ್ನೂ ಧೈರ್ಯ ಮಾಡಿಲ್ಲ.

ಇದನ್ನು ಓದಿ ನೀವು ನಗಬೇಕು, ನಕ್ಕಾದ ಮೇಲೆ ನನ್ನನ್ನು ಬೈಯಬೇಕು. ಯಾಕೆಂದರೆ ಐವತ್ತು ವರ್ಷದಿಂದ ನಾನು ಆ ಹೆಣ್ಣುಮಗಳ ಎದುರು ಒಂದು ಸುಳ್ಳನ್ನು ಇಟ್ಟುಕೊಂಡು ಉಂಡೆ, ನಕ್ಕೆ, ಓಡಾಡಿದೆ. ಅವಳು ಇರುವಾಗಲೇ ಅದನ್ನು ಅವಳಿಗೆ ಹೇಳಬೇಕೋ, ಅಥವಾ ನನ್ನ ಜೊತೆಗೇ ತೆಗೆದುಕೊಂಡು ಹೋಗಬೇಕೋ ಎಂಬುದೊಂದೇ ನನ್ನ ಮುಪ್ಪಿನ ಚಿಂತೆಯಾಗಿತ್ತು. ಸುಳ್ಳು ಏನೆಂಬುದನ್ನು ಹೇಳುತ್ತೇನೆ. ಮೊದಲು ಅಕ್ಕನನ್ನು ನೋಡಿರಿ.

ಒಮ್ಮೆ ಒಂದು ಮಂಗ ತಗಡಿಗೆ ಕೈ ಕೊಯ್ದುಕೊಂಡು ಅವಳ ಪಡಸಾಲೆಗೆ ಬಂತು. ಓಣಿಯವರು ಬಾಗಿಲು ಹಾಕಿಕೊಂಡರು. ಅಕ್ಕ ಅದರ ಕಣ್ಣಲ್ಲಿ ಕಣ್ಣಿಟ್ಟು "ಕೂಡು" ಎಂದಳು. ಕೂತಿತು! ಗಾಯ ತೊಳೆದು, ಪಟ್ಟಿ ಕಟ್ಟಿ, "ಮೂರು ದಿನಾ ಬಿಟ್ಟು ಬಾ" ಎಂದು ಕಳಿಸಿದಳು. ನಾನು ಹೋದ ದಿನ ಮೂರನೆಯ ದಿನವಾಗಿತ್ತು. ನಾನು ಚಹಾ ಕುಡಿಯುತ್ತಿರುವಾಗಲೇ ಅದು ಬಂದು ಕಟ್ಟೆಯ ಮೇಲೆ ಕೂತು ಕೈ ಚಾಚಿತು. ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನೋಡಲೇ ತಮ್ಮಾ, ಮಂಗ್ಯಾಗ ಸೈತ ತಾರೀಖು ತಿಳೀತೈತಿ. ನಿನಗ?"

ಈ ಕುಟುಕು ಎಲ್ಲಿಂದ ಬಂತು ಎಂಬುದೇ ಮುಂದಿನ ಕಥೆ.

ಅವಳ ಮನೆಯಲ್ಲಿ ಊಟಕ್ಕೆ ಕೂಡುವ ಮೊದಲು ಉಗುರು ತೋರಿಸಬೇಕು. ಸಣ್ಣವರು, ದೊಡ್ಡವರು ಎಂಬ ಭೇದವಿಲ್ಲ. ನನ್ನ ಮಗನ ಮಾವ, ದೊಡ್ಡ ಮನುಷ್ಯರು, ನಾಲ್ಕು ಮಂದಿ ಎದ್ದು ನಿಂತು ನಮಸ್ಕಾರ ಮಾಡುವಂಥವರು, ಒಮ್ಮೆ ಬನಶಂಕರಿ ಗುಡಿಗೆ ಬಂದವರು ಅಕ್ಕನ ಮನೆಗೆ ಹೋದರು.

"ಬೀಗರ, ಕೈ ತೋರಸ್ರಿ."

ಭವಿಷ್ಯ ಹೇಳುತ್ತಾಳೆಂದು ತಿಳಿದು ಪಾಪ, ಅವರು ಅಂಗೈ ಚಾಚಿದರು. ಅಕ್ಕ ಅದನ್ನು ಮಗುಚಿ ನೋಡಿ ಕತ್ತರಿ ತಂದಳು. ಕೈ ಮುಗಿದ ಮೇಲೆ ಕಾಲು. ಎಣ್ಣೆಗಾಯಿ, ಬಿಸಿ ರೊಟ್ಟಿ ಉಣ್ಣಲು ಬಂದ ದೊಡ್ಡ ಮನುಷ್ಯರು ಇಪ್ಪತ್ತು ಉಗುರು ಕಳೆದುಕೊಂಡು ಊರಿಗೆ ಹೋದರು!

ಆದರೆ ಅವಳ ನಿಜವಾದ ರೂಪವನ್ನು ನಾನು ಕಂಡದ್ದು ರಾಮಥಾಳದ ಹತ್ತಿರ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾವಿಬ್ಬರೂ ಒಂದು ಜೀಪಿನಲ್ಲಿ ಬರುತ್ತಿದ್ದಾಗ ಮುಂದೆ ಮದುವೆಯ ಮಂದಿಯನ್ನು ತುಂಬಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನ ಟ್ರೇಲರು ಮಗುಚಿ ಬಿತ್ತು. ಕೂಗು, ಧೂಳು, ರಕ್ತ. ಜೀಪು ಪೂರಾ ನಿಲ್ಲುವ ಮೊದಲೇ ಅಕ್ಕ ಇಳಿದಿದ್ದಳು.

"ಒದರಾವ್ರೆಲ್ಲಾ ಆ ಕಡೆ ಕೂಡ್ರಿ! ಒದರಾಕ ಶಕ್ತಿ ಐತಂದ್ರ ನೀವು ಬದಕ್ತೀರಿ!"

ಹೀಗೆಂದು ಸೀದಾ ಹೋದದ್ದು ಬೇವಿನ ಗಿಡದ ಕೆಳಗೆ ಸುಮ್ಮನೆ ಬಿದ್ದಿದ್ದ ಒಬ್ಬ ಮುದುಕನ ಕಡೆಗೆ. ಅವನ ತೊಡೆಯಿಂದ ರಕ್ತ ಹರಿಯುತ್ತಿತ್ತು, ಯಾರೂ ನೋಡಿರಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರ ತಲೆಯ ರುಮಾಲಿಗೇ ಕೈ ಹಾಕಿದಳು.

"ಏನ್ರಿ ಯವ್ವಾ, ತಲಿಮ್ಯಾಲಿನ ರುಮಾಲು..."

"ತಲಿ ಇರಲಿ, ರುಮಾಲು ಕೊಡ್ರಿ!"

ಒಂದಾದ ಮೇಲೆ ಒಂದು ರುಮಾಲು ಬಿಚ್ಚಿದವು, ಹರಿದವು, ಪಟ್ಟಿಗಳಾದವು. ಮೊಣಕಾಲು ತರಚಿಕೊಂಡು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ ಧಡಿಯನ ಕೈಗೆ ಕೊಡೆ ಕೊಟ್ಟು, "ಈ ಯಜಮಾನಗ ನೆಳ್ಳು ಹಿಡಿ, ನಿನ್ನ ನೋವು ಆಮ್ಯಾಲೆ ಕೇಳತೇನಿ" ಎಂದಳು. ಅವನು ಅಳು ಮರೆತು ಕೊಡೆ ಹಿಡಿದು ನಿಂತ. ದವಾಖಾನೆಯ ಗಾಡಿ ಬಂದಾಗ ಗಾಯಾಳುಗಳು ಸಾಲಾಗಿ ಮಲಗಿದ್ದರು, ಯಾರನ್ನು ಮೊದಲು ಒಯ್ಯಬೇಕೆಂಬುದು ಒಬ್ಬೊಬ್ಬರ ಅಂಗೈಯ ಮೇಲೆ ಪೆನ್ನಿನಲ್ಲಿ ಬರೆದಿತ್ತು. ಆ ಮುದುಕ ಬದುಕಿಕೊಂಡ. ಊರ ಹಿರಿಯರೆಲ್ಲ ಬರಿತಲೆಯಲ್ಲಿ ಮನೆಗೆ ಹೋದರು. ನಾನೇನು ಮಾಡುತ್ತಿದ್ದೆ ಎಂದು ಕೇಳುತ್ತೀರಾ? ರಕ್ತ ನೋಡಿ ತಲೆ ತಿರುಗಿ ಬಿದ್ದಿದ್ದೆ. ಆ ಸಾಲಿನ ಕೊನೆಯಲ್ಲಿ ನಾನೂ ಇದ್ದೆ. ನನ್ನ ಅಂಗೈಯ ಮೇಲೆ ಬರೆದಿತ್ತು: 'ಏನೂ ಆಗಿಲ್ಲ'!

ಇಂಥವಳು ಯುದ್ಧದ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ನನ್ನ ಮೊಮ್ಮಕ್ಕಳು "ಅಜ್ಜಿ, ಯುದ್ಧದಾಗ ಏನ ಮಾಡಿದ್ರಿ?" ಎಂದು ಕೇಳಿದರೆ, "ಸಿಪಾಯಿಗಳ ಸಾಕ್ಸ್ ಒಣಾ ಹಾಕತಿದ್ದೆ" ಎನ್ನುತ್ತಾಳೆ. ಅಷ್ಟೇ.

ಇನ್ನು ನನ್ನ ತಾರೀಖಿನ ವಿಷಯ. ಅಕ್ಕನ ಪ್ರಕಾರ ನನಗೆ ತಾರೀಖು ತಿಳಿಯುವುದಿಲ್ಲ. ಆದ್ದರಿಂದ ಅವಳು ನಿವೃತ್ತಿಯಾಗಿ ಬಂದಾಗಿನಿಂದ ಬೆಳಿಗ್ಗೆ ಆರಕ್ಕೆ ಸರಿಯಾಗಿ ಫೋನು. "ಇವತ್ತ ಮಂಗಳವಾರ, ತಾರೀಖು ಹನ್ನೆರಡು. ತಿಳೀತಿಲ್ಲೋ?" "ತಿಳೀತಕ್ಕಾ." ಫೋನು ಬಂದ್. ವರ್ಷಕ್ಕೊಂದು ಕ್ಯಾಲೆಂಡರನ್ನೂ ಕಳಿಸುತ್ತಾಳೆ.

ನಾನು ಮಾಡಿದ ಕೆಲಸ ಯಾವುದು ಗೊತ್ತೇ? ಮ್ಯಾಟ್ರಿಕ್ ಮುಗಿಸಿ ಹುನಗುಂದದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ಮಕ್ಕಳ ದಾಖಲೆಗಳಲ್ಲಿ ಜನ್ಮ ತಾರೀಖು ಬರೆಯುವುದೇ ನನ್ನ ಹೊಟ್ಟೆಪಾಡು! ಹುಟ್ಟಿದ ದಿನ ನೆನಪಿಲ್ಲದ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಬರೆದದ್ದುಂಟು, ತಾಲೂಕಿನ ಅರ್ಧ ಮಂದಿ ಒಂದೇ ದಿನ ಹುಟ್ಟಿದ್ದುಂಟು. ಆದರೆ ಹೇಳಿದ್ದನ್ನು ಒಮ್ಮೆಯೂ ತಪ್ಪಿ ಬರೆದವನಲ್ಲ. ಜೀವನದಲ್ಲಿ ನಾನು ತಪ್ಪಾಗಿ ಬರೆದ ತಾರೀಖು ಒಂದೇ. ಅದು ನನ್ನ ಮದುವೆಯ ತಾರೀಖು.

ಬೇಕೆಂದೇ ಬರೆದೆ.

ನಮ್ಮ ಕಡೆ ಮದುವೆಯಲ್ಲಿ ಮದುಮಗನ ಅಕ್ಕನೋ ತಂಗಿಯೋ ನೀರು ತುಂಬಿದ ಕಳಸ ಹಿಡಿದು ಅವನ ಬೆನ್ನಿಗೇ ನಡೆಯಬೇಕು. ಆಕೆಗೆ ಕಳಸಗಿತ್ತಿ ಎನ್ನುತ್ತಾರೆ. ನನ್ನ ಕಳಸಗಿತ್ತಿ ಯಾರೆಂಬುದು ನಾನು ಚಡ್ಡಿ ಹಾಕುತ್ತಿದ್ದಾಗಲೇ ನಿಶ್ಚಯವಾಗಿತ್ತು. ಯುದ್ಧ ಮುಗಿದು ಕೆಲವು ತಿಂಗಳಾಗಿದ್ದವು. ಇಳಕಲ್ಲಿನ ಹೆಣ್ಣು ಗೊತ್ತಾಯಿತು. ಮಾತುಕತೆಯ ದಿನ ಹೆಣ್ಣಿನ ಕಡೆಯ ಯಾರೋ ಒಬ್ಬರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ಕೇಳಿದರು:

"ನಿಮ್ಮಕ್ಕ ಗಂಡಸರ ಮೈ ತೊಳೀತಾಳಂತಲ್ಲ, ಖರೆ ಏನ್ರಿ?"

ಇಷ್ಟೇ. ಬೇಡ ಎಂದು ಯಾರೂ ಹೇಳಲಿಲ್ಲ, ಬೆದರಿಕೆ ಹಾಕಲಿಲ್ಲ. "ಹೌದು, ಗಾಯ ತೊಳೀತಾಳ, ನಿಮ್ಮಂಥವರು ನಿಶ್ಚಿಂತಿಲೇ ಎಲಿ ತಿನ್ನಲಿ ಅಂತ ತೊಳೀತಾಳ" ಎಂದು ಹೇಳಬಹುದಾಗಿತ್ತು. ಈ ಉತ್ತರ ನನಗೆ ಹೊಳೆದದ್ದು ಮೂವತ್ತು ವರ್ಷದ ಮೇಲೆ! ಅವತ್ತು ನಾನು ತಲೆ ತಗ್ಗಿಸಿ ನಕ್ಕೆ. ಮನೆಯ ಪತ್ರಗಳನ್ನೆಲ್ಲ ಬರೆಯುವವನು ನಾನೇ ಆದ್ದರಿಂದ, ಮನೆಗೆ ಬಂದು ಅಕ್ಕನಿಗೂ ಪತ್ರ ಬರೆದೆ. ಮದುವೆಯ ತಾರೀಖನ್ನು ಎಂಟು ದಿನ ಮುಂದೆ ಹಾಕಿ ಬರೆದೆ. ಅಕ್ಷರ ಮುತ್ತಿನಂತೆ ಇದ್ದವು.

ಮದುವೆಯಾಯಿತು. ಓಣಿಯ ಹುಡುಗಿಯೊಬ್ಬಳು ಕಳಸ ಹಿಡಿದಳು. ಮನೆಯವರಿಗೆ "ಅಕ್ಕಗ ರಜಾ ಸಿಗಲಿಲ್ಲ" ಎಂದೆ. ಎಂಟನೆಯ ದಿನ ಅಕ್ಕ ತಗಡಿನ ಟ್ರಂಕು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಅಂಗಳವನ್ನೊಮ್ಮೆ ನೋಡಿ ಕೇಳಿದಳು:

"ಯಾಕಲೇ, ಇನ್ನೂ ಹಂದರಾ ಹಾಕಿಲ್ಲೇನ?"

ನಾವು ಅದನ್ನು ಬಿಚ್ಚಿ ಐದು ದಿನವಾಗಿತ್ತು.

"ತಾರೀಖು ಬರಿಯೂದ್ರಾಗ ತಪ್ಪಾತಕ್ಕಾ" ಎಂದೆ. ಅವಳು ಟ್ರಂಕು ಕೆಳಗಿಟ್ಟಳು. ಆಮೇಲೆ ಅದರ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಥಾ ಹುಚ್ಚಪ್ಪನೋ ನೀ!" ನನ್ನ ಹೆಂಡತಿಯನ್ನು ಕರೆದು, "ನೋಡವಾ, ನಿನ್ನ ಗಂಡಗ ತಾರೀಖು ತಿಳಿಯಾಂಗಿಲ್ಲ, ನೀನ ಜ್ವಾಕಿ ಮಾಡಬೇಕು" ಎಂದಳು. ಅವತ್ತಿನಿಂದ ನಾನು ತಾರೀಖು ತಿಳಿಯದವನು.

ಕಳೆದ ತಿಂಗಳು ಬಾಗಲಕೋಟೆಯಲ್ಲಿ ಒಂದು ಸಂಘದವರು ಅವಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಾಲು ಹೊದಿಸಿ, ಮಾತಾಡಿ ಎಂದರು. ಯುದ್ಧದ್ದು ಹೇಳಿ ಎಂದರೆ ಸಾಕ್ಸಿನ ಮಾತನ್ನೇ ಹೇಳಿದಳು. ಆಮೇಲೆ ಮೈಕು ಬಿಟ್ಟು ಹೋಗುವವಳು ತಿರುಗಿ ಬಂದಳು.

"ಎಲ್ಲಾ ಡ್ಯೂಟಿ ಮಾಡೇನ್ರಿ. ಒಂದ ತಪ್ಪೇತಿ, ನಮ್ಮ ತಮ್ಮನ ಮದುವ್ಯಾಗ ಕಳಸಾ ಹಿಡಿಯೂದು. ನೋಡ್ರಿ, ಅಲ್ಲೇ ಕುಂತಾನ. ತನ್ನ ಮದುವಿ ತಾರೀಖ ಅವಗ ಗೊತ್ತಿರ್ಲಿಲ್ಲ!"

ಸಭೆಯೆಲ್ಲ ತಿರುಗಿ ನನ್ನನ್ನು ನೋಡಿ ನಕ್ಕಿತು. ನಾನೂ ನಕ್ಕೆ. ಆದರೆ ಇವಳು ಈ ಲೋಕದ ಮುಂದೆ ತನ್ನದೆಂದು ಒಪ್ಪಿಕೊಂಡ ಒಂದೇ ತಪ್ಪು ನನ್ನದು!

ಬಸ್ ಸ್ಟ್ಯಾಂಡಿನಲ್ಲಿ ಬಾದಾಮಿಯ ಬಸ್ಸಿಗೆ ಕಾಯುತ್ತ ನಿಂತಾಗ ಹೇಳಿಬಿಟ್ಟೆ. ವೀಳ್ಯದೆಲೆ, ಸುಣ್ಣ, ಪತ್ರ, ಎಂಟು ದಿನ, ಎಲ್ಲವನ್ನೂ. ಅವಳು ಕೇಳಿದಳು. ಬೈಯಲಿಲ್ಲ. ಬಸ್ಸು ಬಂತು. ಹತ್ತಿ ಕಿಟಕಿಯ ಬಳಿ ಕೂತು, ಶಾಲು-ಹಾರದ ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ಅದು ನಾನು ಕೂಡಬೇಕಾದ ಜಾಗ.

"ನಿಮ್ಮೂರ ಬಸ್ ಆ ಕಡೆ ನಿಲ್ಲತೈತಿ" ಎಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಹಚ್ಚಿದರೆ ಎತ್ತಲಿಲ್ಲ. ಮೂರನೆಯ ದಿನ ನನ್ನ ಹೆಂಡತಿ "ಅಕ್ಕಾರಿಗೆ ಆರಾಮ ಇಲ್ಲೇನ್ರಿ?" ಎಂದಾಗ ಅವಳಿಗೂ ಹೇಳಬೇಕಾಯಿತು. ಅವಳು ನನ್ನ ಚೀಲ ತಂದು ಮುಂದಿಟ್ಟಳು.

"ನಮ್ಮ ಮಂದಿ ಕೇಳಿದ್ದು ತಪ್ಪು. ನೀವು ನಕ್ಕಿದ್ದು ಅದಕ್ಕಿಂತ ತಪ್ಪು. ಏಳ್ರಿ, ಬಸ್ಸಿಗೆ ಹೊತ್ತಾಕ್ಕೈತಿ."

ಬಾದಾಮಿಯಲ್ಲಿ ಅಕ್ಕ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನೇ ಎದುರಿಗೆ ಕೂತೆ.

"ಐವತ್ತು ವರ್ಷ ನಿನ್ನ ಹುಚ್ಚ ಅಂತ ತಿಳಕೊಂಡಿದ್ದೆ. ನೀ ಹುಚ್ಚ ಅಲ್ಲ. ಅಂಜುಬುರಕ."

"ಹೌದಕ್ಕಾ."

"ಹುಚ್ಚ ಇದ್ದಿದ್ರ ಚೊಲೋ ಇತ್ತು."

"ಹೌದು."

"ಎಲ್ಲಾಕ್ಕೂ ಹೌದು ಅನಬ್ಯಾಡ, ಸಿಟ್ಟು ಬರತೈತಿ."

ಅವಳು ಇನ್ನೊಂದು ಹಿಡಿ ಶೇಂಗಾ ಸುಲಿದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು:

"ಆಗ ನನ್ನ ಕೈ ನಡಗತಿದ್ವು. ಯುದ್ಧ ಮುಗದ ಮ್ಯಾಲೆ ಸುರು ಆಗಿತ್ತು. ಯಾರಿಗೂ ಹೇಳಿದ್ದಿಲ್ಲ. ಸೂಜಿ ಹಿಡಿಬೇಕಾದ್ರ ಮಂದಿಗೆ ಕಾಣಬಾರ್ದಂತ ಬೆನ್ನ ತಿರುವಿ ನಿಲ್ಲತಿದ್ದೆ. ನಿನ್ನ ಪತ್ರ ಬಂತು. ಕಳಸದಾಗಿನ ನೀರ ಚೆಲ್ಲಬಾರ್ದಲ್ಲ, ಅದಕ್ಕ ರೈಲಿನ್ಯಾಗ ಮೂರೂ ದಿನಾ ಒಂದು ತಂಬಿಗಿ ತುಂಬ ನೀರ ಹಿಡಕೊಂಡ ಕುಂತೆ. ಎದುರ ಕುಂತಾಕಿ, ಇದರಾಗ ದೇವರ ಐತೇನು ಅಂತ ಕೇಳಿದ್ಲು. ಬಾಗಲಕೋಟ್ಯಾಗ ಇಳಿಯೂದ್ರಾಗ ಒಂದ ಹನಿ ಚೆಲ್ಲತಿದ್ದಿಲ್ಲ."

ನನ್ನ ಎರಡೂ ಕೈ ತೊಡೆಯ ಮೇಲೆ ಕುಣಿಯುತ್ತಿದ್ದವು. ಒಂದರಿಂದ ಇನ್ನೊಂದನ್ನು ಹಿಡಿದರೂ ನಿಲ್ಲಲಿಲ್ಲ.

ಅಕ್ಕ ಶೇಂಗಾದ ಬುಟ್ಟಿ ಸರಿಸಿದಳು. "ಅಂಜಿದವರನ್ನ ಭಾಳ ನೋಡೇನಿ ನಾ. ಹದಿನೆಂಟು ಹತ್ತೊಂಬತ್ತರ ಹುಡುಗುರು... ಅವರ ಹತ್ರ ಕೂಡೂದು ನನಗೇನ ಹೊಸಾದಲ್ಲ. ಕೈ ತಾ ಇಲ್ಲೆ" ಎಂದು ನನ್ನ ಮಣಿಕಟ್ಟನ್ನು ಎಳೆದುಕೊಂಡು ನಾಡಿಯ ಮೇಲೆ ಮೂರು ಬೆರಳಿಟ್ಟಳು.

"ಅಕ್ಕಾ..."

"ಸುಮ್ಕಿರು. ಎಣಸಾಕತ್ತೇನಿ."

ಒಂದು ನಿಮಿಷವಾಯಿತು. ಎರಡಾಯಿತು. ನಾಡಿ ಎಣಿಸಲು ಇಷ್ಟು ಹೊತ್ತು ಬೇಕಿಲ್ಲ ಎಂಬುದು ನನ್ನಂಥ ಮ್ಯಾಟ್ರಿಕ್ ಓದಿದವನಿಗೂ ಗೊತ್ತು. ಅವಳು ಗಡಿಯಾರ ನೋಡುತ್ತಿರಲಿಲ್ಲ. ಹೊರಗೆ ಬಿಸಿಲು ಏರಿತು, ಓಣಿಯಲ್ಲಿ ತರಕಾರಿಯವಳು ಕೂಗಿ ಹೋದಳು. ಅಕ್ಕ ಕೈ ಬಿಡಲಿಲ್ಲ.