ಭೂಪಟದಲ್ಲಿ ದೊಡ್ಡ ಮಾವನ ಜಾಗ

ನನ್ನ ಕೆಲಸದ ಬಗ್ಗೆ ನನಗೆ ತುಸು ಹೆಚ್ಚೇ ಅಭಿಮಾನ. ನೀವು ಬೀದಿಯಲ್ಲಿ ನಿಂತು ಫೋನು ತೆಗೆದಾಗ ಹತ್ತಿರದಲ್ಲಿ ಏನೇನಿದೆ ಎಂದು ತೋರಿಸುವ ಪರದೆಯನ್ನು ರೂಪಿಸುವವನು ನಾನು. ಪರದೆ ಚೆನ್ನಾಗಿದ್ದರೆ ಯಾರೂ ತಕರಾರು ಮಾಡುವುದಿಲ್ಲ ಎಂಬುದು ನನ್ನ ನಂಬಿಕೆ. ಆ ನಂಬಿಕೆಗೆ ನನ್ನ ಸೋದರಮಾವಂದಿರ ಪರಿಚಯವಿರಲಿಲ್ಲ.

ಉಡುಪಿ ಕಡೆಯ ಈ ಮೂವರು ಚೆನ್ನೈಯಲ್ಲಿ ಒಂದೊಂದು ಹೋಟೆಲು ನಡೆಸುತ್ತಾರೆ: ದೊಡ್ಡ ಮಾವ ಕ್ರೋಂಪೇಟೆಯಲ್ಲಿ, ನಡುವಿನವರು ಕೋಯಂಬೇಡಿನಲ್ಲಿ, ಸಣ್ಣ ಮಾವ ಪುರಸೈವಾಕ್ಕಂನಲ್ಲಿ. ಮೂರಕ್ಕೂ ಸೇರಿಸಿ ಒಂದು ಆ್ಯಪ್ ಮಾಡಿಕೊಟ್ಟೆ. ಗಿರಾಕಿ ನಿಂತಲ್ಲಿಗೆ ಯಾವುದು ಹತ್ತಿರವೋ ಅದು ಮೊದಲು ಕಾಣುತ್ತದೆ. ಮಾವಂದಿರು ತಂತಮ್ಮ ಗಲ್ಲಾದಲ್ಲಿ ಕೂತು ತೆರೆದು ನೋಡಿದರು. ಮೂವರಿಗೂ ತಮ್ಮದೇ ಮೊದಲು ಕಂಡಿತು. ಮೂವರೂ ಗುಟ್ಟಾಗಿ ಫೋನು ಮಾಡಿ ನನ್ನನ್ನು ಹೊಗಳಿದರು. ಹೊಗಳಿಕೆಯನ್ನು ತಿದ್ದುವ ಅಭ್ಯಾಸ ನನಗಿಲ್ಲ.

ಸಣ್ಣ ಮಾವನ ಮೊಮ್ಮಗಳ ನಾಮಕರಣಕ್ಕೆ ಎಲ್ಲರೂ ಪುರಸೈವಾಕ್ಕಂನ ಮನೆಯಲ್ಲಿ ಸೇರಿದ ದಿನ ಗ್ರಹಚಾರ ವಕ್ಕರಿಸಿತು. ಬೀಗರಿಗೆ ತೋರಿಸಲೆಂದು ದೊಡ್ಡ ಮಾವ ಆ್ಯಪ್ ತೆರೆದರೆ, ಅವರ ಹೋಟೆಲು ಎಲ್ಲಕ್ಕಿಂತ ಕೊನೆಯಲ್ಲಿ.

"ಹಿರಿಯ ನಾನು. ನನ್ನನ್ನು ತಳಕ್ಕೆ ಹಾಕಿದ್ದು ಯಾರು?" ಎಂದರು. ಎಲೆ ಹಾಕಿ ಆಗಿತ್ತು. ಅವರು ಕೂರಲೊಲ್ಲರು, ಅವರು ಕೂರದೆ ಉಳಿದವರು ಕೂರುವಂತಿಲ್ಲ. ಪಾಯಸದ ಪಾತ್ರೆ ಹಿಡಿದು ನಿಂತ ಅಮ್ಮ ನನ್ನನ್ನೇ ನೋಡಿದಳು.

ನಾನು ಧೈರ್ಯಗೆಡಲಿಲ್ಲ. "ಪಟ್ಟಿ ಬಿಡಿ ಮಾವ, ಭೂಪಟ ನೋಡಿ. ಅದರಲ್ಲಿ ಮೊದಲು, ಕೊನೆ ಅಂತ ಇಲ್ಲವೇ ಇಲ್ಲ" ಎಂದು ತೆರೆದುಕೊಟ್ಟೆ.

ಮಾವ ಕನ್ನಡಕ ಏರಿಸಿದರು. "ಇಲ್ಲಿಯೂ ನಾನೇ ಕೆಳಗಲ್ಲವಾ ಮಾರಾಯ?"

"ಕ್ರೋಂಪೇಟೆ ಇರುವುದು ತೆಂಕು ದಿಕ್ಕಿಗೆ ಮಾವ."

"ಅದು ಯಮನ ದಿಕ್ಕು. ಶುಭಕಾರ್ಯದ ದಿನ ನನ್ನನ್ನು ಅಲ್ಲಿಗೆ ಕಳಿಸ್ತೀಯಾ?"

ನೋಡುವವರು ಯಾವ ಕಡೆ ಮುಖ ಮಾಡುತ್ತಾರೋ ಭೂಪಟವೂ ಆ ಕಡೆಗೆ ತಿರುಗುವ ಏರ್ಪಾಡೊಂದು ಅದರಲ್ಲಿತ್ತು. ಅದನ್ನು ಚಾಲೂ ಮಾಡಿ, ಮಾವನ ಹೆಗಲು ಹಿಡಿದು ಮೆಲ್ಲಗೆ ತೆಂಕಿಗೆ ತಿರುಗಿಸಿದೆ. ಪರದೆಯೂ ತಿರುಗಿತು. ಕ್ರೋಂಪೇಟೆ ಮೇಲೇರಿತು, ತಮ್ಮಂದಿರಿಬ್ಬರೂ ಕೆಳಗಿಳಿದರು.

"ಈಗ ಸರಿ ಉಂಟು" ಎಂದ ಮಾವ, ಅಡುಗೆಮನೆಯ ಗೋಡೆಗೆ ಮುಖ ಮಾಡಿಕೊಂಡೇ ಸ್ವಲ್ಪ ಹೊತ್ತು ಆನಂದಪಟ್ಟು, ಆಮೇಲೆ ಊಟಕ್ಕೆ ಕೂತರು.

ಮರುವಾರ ಕಚೇರಿಯ ಸಭೆಯಲ್ಲಿ, "ಬಳಕೆದಾರ ಎತ್ತ ನಿಲ್ಲುತ್ತಾನೋ ಅತ್ತ ಲೋಕವೇ ತಿರುಗಬೇಕು" ಎಂದು ಗಂಭೀರವಾಗಿ ಭಾಷಣ ಮಾಡಿದೆ. ಒಳ್ಳೆಯ ಚಪ್ಪಾಳೆ ಬಿತ್ತು. ಅವತ್ತು ನಾನು ತಿರುಗಿಸಿದ್ದು ಬಳಕೆದಾರನನ್ನೇ ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ.