ನಲವತ್ತೊಂದರ ಲಗ್ನ

ಪೊಲೀಸ್ ಇಲಾಖೆಗೆ ಸೇರಿದ ದಿನವೇ ಅವ್ವ ಅಪ್ಪ ಇಟ್ಟ ಹೆಸರು ಟ್ರಂಕಿನೊಳಗೆ ಹೋಗುತ್ತದೆ. ಆಮೇಲೆ ಭುಜದ ಮೇಲಿನ ನಂಬರೇ ಹೆಸರು. ಎದೆಯ ಮೇಲೆ ನಾಮಫಲಕ ಇರುತ್ತದೆ ನಿಜ, ಅದನ್ನು ಓದುವ ಪುರಸೊತ್ತು ಯಾರಿಗೂ ಇಲ್ಲ. ನಾನು ಕಾನ್‌ಸ್ಟೇಬಲ್ ನಲವತ್ತೊಂದು. ಫಜೀತಿಗಳು ಕೂಡ ನನ್ನನ್ನು ಆ ನಂಬರಿನ ಮೇಲೇ ಹುಡುಕಿಕೊಂಡು ಬರುತ್ತವೆ.

೧. ದವಾಖಾನೆ

ಸೇಡಂಗೆ ಬಂದೋಬಸ್ತಿಗೆ ಹೋದಾಗ ಜ್ವರ ಬಂತು. ದವಾಖಾನೆಯ ಬೆಂಚಿನ ಮೇಲೆ ತೂಕಡಿಸುತ್ತ ಕೂತಿದ್ದೆ. ನರ್ಸಮ್ಮ "ನಲವತ್ತೊಂದು!" ಎಂದು ಕೂಗಿದರು. ನಿದ್ದೆಗಣ್ಣಲ್ಲೇ ಎದ್ದು, ಬೂಟು ಬಡಿದು ಸೆಲ್ಯೂಟ್ ಹೊಡೆದೆ. ನೋಡಿದರೆ ಆ ನಂಬರಿನ ಚೀಟಿ ಪಕ್ಕದಲ್ಲಿದ್ದ ಬಸುರಿ ಹೆಂಗಸಿನದು.

"ಇದು ಬಸುರ್ಯಾರ ತಪಾಸಣಿ. ನಿಮ್ಮ ಲಗ್ನ ಆಗ್ಯಾದೇನ್ರಿ?" ಎಂದರು ನರ್ಸಮ್ಮ.

"ಇಲ್ರಿ."

"ಮೊದಲು ಅದನ್ನ ಮಾಡ್ಕೊರ್ರಿ. ಆಮ್ಯಾಲ ಬರ್ರಿ."

ಸಾಲಿಗೆ ಸಾಲೇ ನಕ್ಕಿತು. ಔಷಧಿ ತಗೊಳ್ಳುವ ಮೊದಲೇ ನನ್ನ ಜ್ವರ ಇಳಿಯಿತು.

೨. ಫೋಟೊ

ನಮ್ಮೂರು ರಾವೂರಿನಲ್ಲಿ ನಮ್ಮವ್ವನೂ ಅದನ್ನೇ ಹೇಳುತ್ತಿದ್ದಳು. ಚಿಂಚೋಳಿಯ ಸಂಬಂಧವೊಂದು ಬಂತು. ಆ ಹುಡುಗಿಯನ್ನು ನಾನು ಚಿತ್ತಾಪುರದಲ್ಲಿ ಒಬ್ಬ ಬಸುರಿಯ ಕುಬಸದ ಕಾರ್ಯದಲ್ಲಿ ಆಗಲೇ ನೋಡಿದ್ದೆ. ಲಗ್ನವಾದರೆ ಈಕೆಯನ್ನೇ, ಇಲ್ಲದಿದ್ದರೆ ಲಗ್ನವೇ ಬೇಡ ಅನ್ನುವಷ್ಟು ಮನಸ್ಸು ಹೋಗಿತ್ತು. ಅವರು ಒಂದು ಫೋಟೊ ಕೇಳಿದರು.

"ಖಾಕಿ ಹಾಕ್ಕೊಂಡೇ ತೆಗಿಸ್ಕೋ. ಇಲ್ಲಂದ್ರ ನೌಕರಿ ಅದ ಅಂತ ಯಾರು ನಂಬ್ತಾರ?" ಎಂದಳು ಅವ್ವ.

ನನ್ನ ಖಾಕಿ ನಮ್ಮ ಠಾಣೆ ಇರುವ ವಾಡಿಯ ಸಿಮೆಂಟ್ ಧೂಳು ಕುಡಿದು ಬೂದಿ ಬಣ್ಣವಾಗಿ ಅಗಸರ ಮನೆಯಲ್ಲಿತ್ತು. ಠಾಣೆಯ ಗೆಳೆಯ ಐವತ್ತೆಂಟರ ಅಂಗಿ ಇಸಿದುಕೊಂಡೆ. ಅವನ ನಾಮಫಲಕ ತೆಗೆದಿಟ್ಟೆ, ಭುಜದ ನಂಬರು ಮರೆತೆ. ಮುಖ ನನ್ನದು, ನಂಬರು ಅವನದು, ಹಾಗೇ ಫೋಟೊ ಚಿಂಚೋಳಿ ಬಸ್ ಹತ್ತಿತು.

೩. ವಿಚಾರಣೆ

ಹುಡುಗಿಯ ಅಪ್ಪ ಕಿರಾಣಿ ಅಂಗಡಿಯವರು, ತೊಗರಿಯನ್ನು ಬಾಯಿಗೆ ಹಾಕಿ ಕಡಿದು ನೋಡದೆ ಕೊಳ್ಳುವವರಲ್ಲ. ನಾನು ಶಹಾಬಾದಿಗೆ ಡ್ಯೂಟಿಗೆ ಹೋದ ದಿನ ಹೇಳದೆ ಕೇಳದೆ ನಮ್ಮ ಠಾಣೆಗೆ ಬಂದು, ಬಾಗಿಲಲ್ಲಿದ್ದ ಸೆಂಟ್ರಿಗೆ ನನ್ನ ಹೆಸರು ಹೇಳಿದರು.

"ಅಂಥವ್ರು ಇಲ್ಲಿ ಯಾರೂ ಇಲ್ರಿ. ನಂಬರ್ ಹೇಳ್ರಿ."

ಫೋಟೊವನ್ನು ಮಗಳು ಕೈಬಿಡದ್ದರಿಂದ ಅವರು ತಂದಿರಲಿಲ್ಲವಂತೆ. ಆದರೆ ನಂಬರು ಅವರ ನೆನಪಿನಲ್ಲಿತ್ತು. "ಐವತ್ತೆಂಟು" ಎಂದರು.

"ಐವತ್ತೆಂಟೇನ್ರಿ! ಭಾಳ ಛಲೋ ಮನಷ್ಯಾ. ಹೆಂಡ್ತಿ ಇನ್ನೂ ಛಲೋ. ಎರಡು ಮಕ್ಕಳವ, ಮೂರನೇದು ಹಾದ್ಯಾಗ ಅದ."

ಸೆಂಟ್ರಿ ಕೊಟ್ಟ ಚಹಾವನ್ನೂ ಹುಡುಗಿಯ ಅಪ್ಪ ಕುಡಿಯಲಿಲ್ಲ. ನೆಟ್ಟಗೆ ರಾವೂರಿಗೆ ಹೋಗಿ ಅವ್ವನನ್ನು ಕೇಳಿದರು: "ನಿಮ್ಮ ಮಗಗ ಇನ್ನೂ ಎಷ್ಟು ಲಗ್ನ ಮಾಡೋರಿದ್ದೀರಿ?"

೪. ಸಾಕ್ಷಿ

ನಾನು ಓಡಿಬಂದು ಅಂಗಿಯ ಕಥೆ ಹೇಳಿದೆ. ಹುಡುಗಿಯ ಅಪ್ಪ ನಂಬಲಿಲ್ಲ. "ಮಂದಿ ಸುಳ್ಳು ಹೇಳ್ತಾರ, ಸರ್ಕಾರಿ ನಂಬರ್ ಹೇಳ್ತದೇನು?" ಎಂದರು. ಕೊನೆಗೆ ಎಲ್ಲರೂ ಐವತ್ತೆಂಟರ ಕ್ವಾರ್ಟರ್ಸಿಗೆ ಹೋದೆವು. ಅವನ ಹೆಂಡತಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ತಂಗಿ, ಇಂವ ನಿನ್ನ ಗಂಡೇನವ್ವಾ?" ಎಂದು ಕೇಳಿದರು ಹುಡುಗಿಯ ಅಪ್ಪ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಯ್ಯ, ಅಲ್ರಿ! ಬಸವಣ್ಣನ ದಯಾ, ಇಂವ ಅಲ್ಲ."

ನನ್ನ ನಡತೆಗೆ ಅಷ್ಟು ಒಳ್ಳೆಯ ಪ್ರಮಾಣಪತ್ರ ಇಲಾಖೆಯೂ ಕೊಟ್ಟಿಲ್ಲ. ಸಂಬಂಧ ಅಲ್ಲೇ ಕುದುರಿತು.

ಲಗ್ನವಾಗಿ ಮನೆಗೆ ಬಂದಾಗ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತರು. ಗಂಡನ ಹೆಸರನ್ನು ಪ್ರಾಸದ ಒಡಪಿನಲ್ಲಿ ಹೆಣೆದು ಹೇಳದೆ ನಮ್ಮಲ್ಲಿ ಸೊಸೆಯನ್ನು ಒಳಗೆ ಬಿಡುವುದಿಲ್ಲ. ನಾಚುತ್ತಾಳೆ ಅಂದುಕೊಂಡೆ. ನಾಚಿಕೆ ಎಲ್ಲಿಯದು! ತನ್ನ ಅಪ್ಪನ ಕಡೆ ಓರೆಗಣ್ಣಲ್ಲಿ ನೋಡಿ ಜೋರಾಗಿ ಹೇಳಿದಳು:

"ಕಾಗಿಣಾ ಹೊಳ್ಯಾಗ ಕರಿ ಎಮ್ಮಿ ಹಿಂಡ,
ಐವತ್ತೆಂಟಲ್ಲ, ನಲವತ್ತೊಂದೇ ನನ್ನ ಗಂಡ!"

ಅಂಗಳದಲ್ಲಿ ಮಕ್ಕಳ ಜೊತೆ ಬುಂದೆ ತಿನ್ನುತ್ತಿದ್ದ ಐವತ್ತೆಂಟು ತನ್ನ ನಂಬರು ಕಿವಿಗೆ ಬಿದ್ದದ್ದೇ ತಡ, ಪತ್ರಾವಳಿ ಬಿಟ್ಟು ಎದ್ದು ಸೆಲ್ಯೂಟ್ ಹೊಡೆದ: "ಹಾಜರ್, ಸರ್!"

ಅವನ ಹೆಂಡತಿ ಅಂಗಿ ಹಿಡಿದು ಜಗ್ಗಿದಳು: "ಕುಂದ್ರಿ ಸುಮ್ನ! ಆಕಿ ನಿಮ್ಮನ್ನ ಬ್ಯಾಡ ಅಂದಾಳ."