ಕುರ್ಚಿಯ ಮೇಲೆ ಯಾರು?

“ಏನ್ರೀ ಕೃಷ್ಣಪ್ರಸಾದ್, ಪೇಪರ್ ತಿದ್ತಿದ್ದೀರೋ, ಓದ್ತಿದ್ದೀರೋ?”

ನಲವತ್ತು ಜನರ ಪೆನ್ನು ಒಟ್ಟಿಗೆ ನಿಂತಿತು. ಮುಖ್ಯ ಪರೀಕ್ಷಕ ಸತ್ಯಮೂರ್ತಿ ತೆಲುಗರು, ಬಳ್ಳಾರಿಯ ಅಳಿಯ. ಕನ್ನಡದವನನ್ನು ಬೈಯಬೇಕಾದರೆ, ಅವನಿಗೆ ನಾಟಲಿ ಎಂದು ಮೊದಲು ಕನ್ನಡದಲ್ಲಿ ಬೈದು, ಉಳಿದವರು ನಗಲಿ ಎಂದು ತೆಲುಗಿನಲ್ಲಿ ಇನ್ನೊಮ್ಮೆ ಬೈಯುತ್ತಿದ್ದರು.

“ಬೆಳಿಗ್ಗೆಯಿಂದ ಒಂಬತ್ತು ಪೇಪರ್! ಪಕ್ಕದಲ್ಲಿ ಕಮಲಾ ಮೇಡಂ ಇಪ್ಪತ್ತಾರು ಮುಗ್ಸಿದ್ದಾರೆ. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ರೆ ಕಂಡಿದ್ದೆಲ್ಲ ಓದ್ಬೇಕಾ? ಕತ್ತೆಗೂ ಅಷ್ಟು ಗೊತ್ತು ಕಣ್ರೀ. ಕಾಗದ ಸಿಕ್ಕಿದ್ರೆ ಅದು ಓದ್ತಾ ಕೂರಲ್ಲ, ಮೇದು ಮುಂದಕ್ಕೆ ಹೋಗತ್ತೆ!”

ಅದೇ ಮಾತು ತೆಲುಗಿಗೆ ಬಂತು. ಹಾಲ್ ನಕ್ಕಿತು.

ಅದು 2005ರ ಏಪ್ರಿಲ್. ವಿಜಯವಾಡದ ಬಿಸಿಲು ಫ್ಯಾನಿನ ಗಾಳಿಯನ್ನೂ ಹುರಿದು ಕೊಡುತ್ತಿತ್ತು. ಚಿತ್ರದುರ್ಗದ ಕೃಷ್ಣಪ್ರಸಾದ ವಿಶಾಖಪಟ್ಟಣದ ಮಧುರವಾಡದಲ್ಲಿ ಖಾಸಗಿ ಕಾಲೇಜೊಂದರ ಇಂಗ್ಲಿಷ್ ಮೇಷ್ಟ್ರು. ಇಂಟರ್‌ಮೀಡಿಯೆಟ್ ಪತ್ರಿಕೆ ತಿದ್ದಲು ಬಂದಿದ್ದ. ದಿನಕ್ಕೆ ಮೂವತ್ತು ತಿದ್ದಬೇಕು. ಪಳಗಿದವರು ಉತ್ತರವನ್ನು ಗೇಣಿನಲ್ಲಿ ಅಳೆಯುತ್ತಿದ್ದರು: ಗೇಣುದ್ದ ಇದ್ದರೆ ಮೂರು ಅಂಕ, ಕೆಳಗೆ ಗೆರೆ ಎಳೆದಿದ್ದರೆ ಇನ್ನರ್ಧ. ಅದರಲ್ಲಿ ತಪ್ಪೇನು? ಲಕ್ಷ ಮಕ್ಕಳು ಒಂದೇ ಗೈಡನ್ನು ಉರು ಹೊಡೆದು, ಅದರಲ್ಲಿದ್ದ ಅಚ್ಚಿನ ತಪ್ಪನ್ನೂ ಭಕ್ತಿಯಿಂದ ಬರೆದಿದ್ದರು. ಬರೆದವರೇ ಓದಿರದ್ದನ್ನು ತಿದ್ದುವವನು ಯಾಕೆ ಓದಬೇಕು?

ಕೃಷ್ಣಪ್ರಸಾದ ತಲೆ ತಗ್ಗಿಸಿ ಹತ್ತನೆಯ ಪತ್ರಿಕೆ ಎಳೆದುಕೊಂಡ. ಲೆಕ್ಕ ಮೂವತ್ತೊಂದಕ್ಕೆ ಬಂತು. ಪಾಸಾಗಲು ಮೂವತ್ತೈದು. ಉಳಿದದ್ದು ನಾಲ್ಕು ಅಂಕದ ಒಂದೇ ಪ್ರಶ್ನೆ, ಪಾಠದ ಸಾರಾಂಶ. ಅಲ್ಲಿ ಒಡಕು ಇಂಗ್ಲಿಷಿನಲ್ಲಿ ಹೀಗಿತ್ತು:

“ಸರ್, ಈ ಪಾಠ ನನಗೆ ಬರುವುದಿಲ್ಲ. ನಮ್ಮ ಮನೆಯದು ಬರೆಯುತ್ತೇನೆ. ಪಟಮಟದಲ್ಲಿ ನೀರಿನ ಟ್ಯಾಂಕಿನ ಎದುರು ನೀಲಿ ಗೇಟಿನ ಮನೆ. ಮಹಡಿಯ ಕೋಣೆಗೆ ಯಾವಾಗಲೂ ಬೀಗ. ಪ್ರತಿ ಶನಿವಾರ ಮಧ್ಯಾಹ್ನ ಅಜ್ಜಿ ತುಂಬಿದ ತಟ್ಟೆ ಹಿಡಿದು ಒಳಗೆ ಹೋಗುತ್ತಾರೆ, ಖಾಲಿ ತಟ್ಟೆ ಹಿಡಿದು ಬರುತ್ತಾರೆ. ಹನ್ನೊಂದು ವರ್ಷದಿಂದ ಹೀಗೇ. ಕಳೆದ ಶನಿವಾರ ನಾನು ಕಿಟಕಿಯ ಸಂದಿಯಿಂದ ನೋಡಿದೆ. ಒಳಗೆ ಕುರ್ಚಿಯ ಮೇಲೆ ಕೂತಿದ್ದದ್ದು”

ಅಷ್ಟೇ. ಬೆಲ್ ಹೊಡೆದಿರಬೇಕು.

ಕೃಷ್ಣಪ್ರಸಾದ ಪುಟ ತಿರುಗಿಸಿದ. ಖಾಲಿ. ಬೆಳಕಿಗೆ ಹಿಡಿದ. ಖಾಲಿ. ಐದು ವರ್ಷದ ನೌಕರಿಯಲ್ಲಿ ಸ್ವಂತ ಮಾತಿನ ಉತ್ತರ ಕಂಡದ್ದು ಇದೇ ಮೊದಲು, ಅದೂ ಅರ್ಧ. ಅರ್ಧಕ್ಕೆ ನಾಲ್ಕು ಕೊಡುವುದು ಹೇಗೆ, ಸೊನ್ನೆ ಕೊಡುವುದು ಹೇಗೆ? ಪರೀಕ್ಷಕ ಅಭ್ಯರ್ಥಿಯನ್ನು ಭೇಟಿಯಾದರೆ ನೌಕರಿಯೇ ಹೋಗುತ್ತದೆ ಎಂಬ ನೋಟಿಸು ಎದುರು ಗೋಡೆಯಲ್ಲೇ ಇತ್ತು. ಅದರ ಪಕ್ಕದ ಕ್ಯಾಲೆಂಡರಿನಲ್ಲಿ ಶನಿವಾರವಿತ್ತು.

ಊಟದ ಬೆಲ್ ಹೊಡೆದದ್ದೇ ಅವನು ಪಟಮಟದ ಸಿಟಿ ಬಸ್ಸಿನಲ್ಲಿದ್ದ.

ಟ್ಯಾಂಕಿನ ಎದುರು, ನೀಲಿ ಗೇಟಿನ ಪಕ್ಕದ ಮನೆಯ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಸೂರ್ಯಕಾಂತಮ್ಮ ಅವನ ಬ್ಯಾಗು, ಕೆಂಪು ಪೆನ್ನು ನೋಡಿದಳು.

“ರೇಷನ್ ಕಾರ್ಡಿನವರಾ ಬಾಬು?”

ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕು. “ಹ್ಞೂಂ” ಎಂದ.

ಆ ಒಂದು ‘ಹ್ಞೂಂ’ ಬೀದಿಯಲ್ಲಿ ಬೆಲ್ಲದ ಉಂಡೆಯಂತೆ ಬಿತ್ತು; ಜನ ಇರುವೆಗಳಂತೆ ಮುತ್ತಿದರು. “ನನ್ನ ಸೊಸೆ ಹೆಸರು ಹೊಡೆದುಹಾಕಿ ಬಾಬು, ತವರಿಗೆ ಹೋಗಿ ಮೂರು ತಿಂಗಳಾಯ್ತು!” “ನಮ್ಮತ್ತೆ ಸತ್ತಿದ್ದಾರೆ ಅಂತ ಬರ್ಕೋಬೇಡಿ, ಸೀಮೆಎಣ್ಣೆ ಕಮ್ಮಿಯಾಗುತ್ತೆ!” ನಿವೃತ್ತ ಬಸ್ ಕಂಡಕ್ಟರ್ ಜಗನ್ಮೋಹನ್ ಯಾರೂ ಕೇಳದೆಯೇ ಮುಂದೆ ಬಂದು, ಕೃಷ್ಣಪ್ರಸಾದನ ಕಣ್ಣು ಹೋದ ಕಡೆ ನೋಡಿ, “ಲೈನು, ಲೈನು! ಸಾರ್ ಮೊದಲು ನೀಲಿ ಗೇಟಿಂದ ಶುರು ಮಾಡ್ತಾರೆ” ಎಂದು ಮೆರವಣಿಗೆ ಹೊರಡಿಸಿದ.

ಬಾಗಿಲಲ್ಲಿ ಇಪ್ಪತ್ತಮೂರರ ಹುಡುಗಿ ನಿಂತಿದ್ದಳು.

“ಮನೆಯಲ್ಲಿ ಎಷ್ಟು ಜನ?” ಎಂದ ಕೃಷ್ಣಪ್ರಸಾದ, ಆದಷ್ಟು ಸರ್ಕಾರಿ ದನಿಯಲ್ಲಿ.

“ಇಬ್ಬರು. ನಾನು ಅಖಿಲಾ, ನಮ್ಮ ಅಮ್ಮಮ್ಮ ಕೋಟೇಶ್ವರಮ್ಮ.”

“ಮಹಡಿ ಕೋಣೆಯಲ್ಲಿ?”

ಹುಡುಗಿಯ ಕಣ್ಣು ಅವನ ಬೆರಳಿನ ಕೆಂಪು ಶಾಯಿಯ ಮೇಲೆ ನಿಂತಿತು. ದನಿ ಪಿಸುಮಾತಿಗಿಳಿಯಿತು. “ಇಂಗ್ಲಿಷಾ ಸರ್? ಎಷ್ಟು ಬಂತು?”

“ಮೂವತ್ತೊಂದು.”

“ಅಯ್ಯೋ, ಇದು ಐದನೇ ಸಲ ಸರ್!”

“ಅದಿರಲಿ ತಾಯಿ, ಕುರ್ಚಿ ಮೇಲೆ ಯಾರು?”

ಅವಳು ಬಾಯಿ ತೆರೆಯುವಷ್ಟರಲ್ಲಿ ಸೂರ್ಯಕಾಂತಮ್ಮ ನಡುವೆ ತೂರಿದಳು. “ಈಗ ಕೋಟೇಶ್ವರಮ್ಮನವರನ್ನ ಕರೀಬೇಡಿ ಬಾಬು. ಶನಿವಾರ ಉಪವಾಸ, ನೀರೂ ಮುಟ್ಟಲ್ಲ. ಮೇಲೆ ದೇವರಿಗೆ ನೈವೇದ್ಯ ನಡೀತಿದೆ. ನನ್ನ ಮೊಮ್ಮಗನ ಜ್ವರ ಇಳಿದದ್ದೇ ಆ ತಾಯಿ ಕೈಯಿಟ್ಟ ಮೇಲೆ.”

“ತಲೆ ಎಣಿಸಲೇಬೇಕು. ರೂಲ್ಸು” ಎಂದು ಕೃಷ್ಣಪ್ರಸಾದ ಮೆಟ್ಟಿಲು ಹತ್ತಿಬಿಟ್ಟ. ಅಖಿಲಾ ಹಿಂದೆಯೇ ಓಡಿದಳು.

ಕಿಟಕಿಯ ಸಂದಿಗೆ ಕಣ್ಣಿಟ್ಟ. ಒಳಗೆ ಕುರ್ಚಿಯ ಮೇಲೆ ಕೂತಿದ್ದದ್ದು ಸಾಕ್ಷಾತ್ ಕೋಟೇಶ್ವರಮ್ಮ. ತೊಡೆಯ ಮೇಲೆ ಗುಡ್ಡದಷ್ಟು ಪುಳಿಹೋರ, ಎಡಗೈಯಲ್ಲಿ ಕಚ್ಚಿದ ವಡೆ. ಹನ್ನೊಂದು ವರ್ಷದ ಉಪವಾಸ ಎರಡೂ ಕೆನ್ನೆಗಳಲ್ಲಿ ಉಬ್ಬಿ ನಿಂತಿತ್ತು.

ಕಣ್ಣಿಗೆ ಕಣ್ಣು ಸೇರಿತು. ಮುದುಕಿ ಗಾಬರಿಯಾಗಲಿಲ್ಲ. ಬಾಗಿಲು ತೆರೆದು, ಅವನನ್ನು ಒಳಗೆಳೆದು, ಅಗುಳಿ ಹಾಕಿ, ಅಗಿದದ್ದನ್ನು ನುಂಗಿದಳು. ಜೊತೆಗೆ ನುಗ್ಗಿದ ಅಖಿಲಾ ಕಿವಿಯಲ್ಲಿ ಏನೋ ಹೇಳಿದಳು.

“ಹಂಗಾದ್ರೆ ನೀನೂ ಕಳ್ಳ, ನಾನೂ ಕಳ್ಳಿ” ಎಂದಳು ಕೋಟೇಶ್ವರಮ್ಮ. “ನೀನು ನನ್ನದು ಹೇಳಿದ್ರೆ ಪರೀಕ್ಷೆ ಮೇಷ್ಟ್ರು ಮನೆಗೆ ಬಂದಿದ್ರು ಅಂತ ನಾನು ಬೀದಿಗೆಲ್ಲ ಹೇಳ್ತೀನಿ. ಕೂತ್ಕೋ. ತಿನ್ನು.”

ಅವನು ತಿಂದ. ಪುಳಿಹೋರ ಚೆನ್ನಾಗಿತ್ತು.

ಖಾಲಿ ತಟ್ಟೆ ಹಿಡಿದು ಅಜ್ಜಿ ಕೆಳಗಿಳಿದಾಗ ಬೀದಿ ಕೈಮುಗಿಯಿತು. ಸೂರ್ಯಕಾಂತಮ್ಮ ಗುರಾಯಿಸಿದ್ದಕ್ಕೆ ಕೃಷ್ಣಪ್ರಸಾದನೂ ಬಗ್ಗಿ ಕಾಲು ಮುಟ್ಟಿದ. ಉಳಿದ ಮನೆಗಳಿಗೆ ಸೋಮವಾರ ಬರುತ್ತೇನೆ ಎಂದು ಜಗನ್ಮೋಹನನ ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಅವನು ಮರಳಿದಾಗ ಹಾಲ್‌ನಲ್ಲಿ ಒಬ್ಬರೂ ತಮ್ಮ ಜಾಗದಲ್ಲಿರಲಿಲ್ಲ. ಎಲ್ಲರೂ ಸತ್ಯಮೂರ್ತಿಯ ಮೇಜನ್ನು ಮುತ್ತಿಕೊಂಡು ಜಗಳವಾಡುತ್ತಿದ್ದರು. ಮೇಜಿನ ಮೇಲೆ ಅವನು ಬಿಟ್ಟುಹೋಗಿದ್ದ ಹತ್ತನೆಯ ಪತ್ರಿಕೆ. ಮೊದಲ ಪುಟದಲ್ಲಿ ಸತ್ಯಮೂರ್ತಿಯ ಹಸಿರು ಶಾಯಿಯ ಮೂವತ್ತೈದು! ಖಾಲಿಯಿದ್ದ ಪುಟಗಳಲ್ಲಿ ಒಂದಂಗುಲವೂ ಖಾಲಿಯಿಲ್ಲ. ಕುರ್ಚಿಯ ಮೇಲಿದ್ದದ್ದು ‘ಹುಚ್ಚು ಹಿಡಿದ ಮೈದುನ’ ಎಂದು ಕಮಲಾ ಮೇಡಂ. ‘ತಲೆಮರೆಸಿಕೊಂಡ ಕೊಲೆಗಾರ’ ಎಂದು ಕರ್ನೂಲಿನ ದಿನಕರ. ಯಾರೋ ‘ಗಿಳಿ’ ಎಂದೂ ಬರೆದಿದ್ದರು. ಎಲ್ಲಕ್ಕಿಂತ ಕೆಳಗೆ ಹಸಿರಿನಲ್ಲಿ, ‘ಅಜ್ಜಿಯ ಮೊದಲ ಗಂಡ’.

“ಎಲ್ಲಿಗ್ರೀ ಹೋಗಿದ್ರಿ?” ಎಂದರು ಸತ್ಯಮೂರ್ತಿ.

“ಹೊಟ್ಟೆ ನೋವು ಸರ್, ಔಷಧಿಗೆ.”

“ಔಷಧಿ ಅಂಗಿ ಮೇಲೂ ಚೆಲ್ಲಿದೆ. ಸಾಸಿವೆ, ಕಡಲೆಬೇಳೆ ಎಲ್ಲಾ ಇದೆ.” ಅವರು ಒಂದು ಹಾಳೆ ಮುಂದೆ ತಳ್ಳಿದರು. “ನೋಡ್ರೀ, ಪೇಪರ್ ನಿಮ್ಮ ಕಟ್ಟಿಂದು. ಪಟಮಟಕ್ಕೆ ಹೋಗಿದ್ದೆ ಅಂದ್ರೆ ನೌಕರಿ ಹೋಗತ್ತೆ. ಹೋಗಿಲ್ಲ ಅಂದ್ರೆ ಇಲ್ಲೇ ಕೂತು ಈ ಪುಟಗಳನ್ನೆಲ್ಲ ಕೆಡಿಸಿದವನು ನಾನೇ ಅಂತ ಸಹಿ ಹಾಕಿ. ಮೂರು ವರ್ಷ ಪೇಪರ್ ತಿದ್ದೋ ಕ್ಯಾಂಪಿಗೆ ಕರೆಯಲ್ಲ, ಅಷ್ಟೇ.”

ಕೃಷ್ಣಪ್ರಸಾದ ಸಹಿ ಹಾಕಿದ. ಗಿಳಿಗೂ ಸೇರಿಸಿ.

ಸತ್ಯಮೂರ್ತಿ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಹತ್ತಿರಕ್ಕೆಳೆದು ದನಿ ತಗ್ಗಿಸಿದರು.

“ಅದಿರ್ಲಿ ಬಿಡಿ. ನಮ್ಮನಮ್ಮಲ್ಲೇ ಇರ್ಲಿ. ಕುರ್ಚಿ ಮೇಲೆ ಯಾರಿದ್ರು?”

ನಲವತ್ತು ತಲೆಗಳು ಮುಂದಕ್ಕೆ ಬಾಗಿದವು. ಕೃಷ್ಣಪ್ರಸಾದ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದ. ಬ್ಯಾಗನ್ನು ಹೆಗಲಿಗೇರಿಸಿ ಬಾಗಿಲ ಕಡೆ ನಡೆದ.

“ಗಂಡಸಾ ಹೆಂಗಸಾ, ಅಷ್ಟಾದರೂ ಹೇಳಿ ಹೋಗಿ ಸಾರ್!” ಎಂದು ಕಮಲಾ ಮೇಡಂ ಕೂಗಿದರು.

ಅವನು ಮೆಟ್ಟಿಲಿಳಿದು ಬಿಸಿಲಿಗೆ ಹೋದ.